ಅತ್ತೆ ಕಳಿಸಿದ ತೆಂಗಿನೆಣ್ಣೆ

ಧನರಾಜನ ಹೋಟೆಲಿನಲ್ಲಿ ಏನು ಕೆಟ್ಟರೂ ಅದಕ್ಕೊಬ್ಬ ಅಪರಾಧಿ ಇದ್ದೇ ಇರುತ್ತಿದ್ದ. ಆ ಅಪರಾಧಿ ಎಂದೂ ಧನರಾಜ ಆಗಿರುತ್ತಿರಲಿಲ್ಲ. ದೋಸೆ ಕಾವಲಿಗೆ ಅಂಟಿದರೆ ಅಕ್ಕಿಯ ತಪ್ಪು, ಸಾಂಬಾರು ನೀರಾದರೆ ಬೇಳೆಯ ತಪ್ಪು, ಗಿರಾಕಿ ಕಡಿಮೆಯಾದರೆ ರಸ್ತೆ ಅಗೆದು ಹಾಕಿದವರ ತಪ್ಪು. ಹಾಗಾಗಿ ಮನೆಯೊಳಗಿನ ಒಂದು ವಿಷಯದಲ್ಲಿ ಅವನು ಪಾಪದ ಕಾಂಡೋಮಿನ ಮೇಲೆ ತಪ್ಪು ಹೊರಿಸಿದಾಗ ಅವನ ಹೆಂಡತಿ ನಿಶ್ಮಿತಾಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಬಾಯಿಗೆ ಬಟ್ಟೆ ಕಟ್ಟಿಕೊಂಡು ಪಾಯಸ ಕುಡಿದ ಹಾಗೆ ಆಗ್ತದೆ ಮಾರಾಯ್ತಿ," ಎಂದ ಅವನು.

"ಕುಣೀಲಿಕ್ಕೆ ಬಾರದವ ನೆಲ ಡೊಂಕು ಅಂದನಂತೆ," ಎಂದಳು ಅವಳು.

ಆದರೆ ಕಾಂಡೋಮ್ ಬಿಟ್ಟರೆ ಅವರಿಗೆ ಬೇರೆ ದಾರಿ ಇರಲಿಲ್ಲ. ಎರಡನೇ ಮಗು ಯಕ್ಷಿತಾ ಹುಟ್ಟುವಾಗ ನಿಶ್ಮಿತಾಳ ಬಿ.ಪಿ. ಏರಿದ್ದು ಏರಿದ್ದೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಧನರಾಜ ಊರಿನ ಎಲ್ಲ ದೈವಗಳಿಗೂ ಹರಕೆ ಹೊತ್ತಿದ್ದ, ಯಾವ ದೈವಕ್ಕೆ ಏನು ಹೇಳಿಕೊಂಡೆ ಎಂದು ಆಮೇಲೆ ಅವನಿಗೇ ನೆನಪಿರಲಿಲ್ಲ. ಇನ್ನೊಂದು ಬಸಿರು ಅವಳ ಜೀವಕ್ಕೇ ಅಪಾಯ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಬಿ.ಪಿ. ಇರುವುದರಿಂದ ಬಸಿರು ತಡೆಯುವ ಮಾತ್ರೆಯನ್ನೂ ನಿಲ್ಲಿಸಿದರು. ಕಾಪರ್-ಟಿ ಅವಳಿಗೆ ಒಗ್ಗಲಿಲ್ಲ. ಗಂಡಸಿಗೂ ಒಂದು ಸಣ್ಣ ಆಪರೇಶನ್ ಇದೆಯಲ್ಲ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಧನರಾಜನಿಗೆ ಹೋಟೆಲಿನಲ್ಲಿ ಬಹಳ ಕೆಲಸ ನೆನಪಾಗುತ್ತಿತ್ತು.

ಹೋಟೆಲಿದ್ದದ್ದು ಗ್ರಾಂಟ್ ರೋಡಿನಲ್ಲಿ, ಮನೆ ಅದೇ ಗಲ್ಲಿಯ ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ. ಹೋಟೆಲಿನವರ ಸಂಸಾರ ನಡೆಯುವ ಹೊತ್ತೇ ಬೇರೆ. ಬೆಳಿಗ್ಗೆ ಜಗತ್ತು ಏಳುವ ಮೊದಲೇ ಇಡ್ಲಿ ಏರಬೇಕು, ರಾತ್ರಿ ಜಗತ್ತು ಮಲಗಿದ ಮೇಲೆ ಕಾವಲಿ ಇಳಿಯಬೇಕು. ನಡುವೆ ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯವರು ಬರುವ ತನಕ ಒಂದಿಷ್ಟು ಬಿಡುವು. ಆಗ ಶಟರನ್ನು ಅರ್ಧ ಎಳೆದು ಕೆಲಸದವರು ಟೇಬಲ್ ಜೋಡಿಸಿ ಮಲಗುತ್ತಾರೆ, ಧನಿಗಳು ಮನೆಗೆ ಹೋಗುತ್ತಾರೆ. ಮಕ್ಕಳಿಬ್ಬರೂ ಶಾಲೆಯಲ್ಲಿ. ಗಂಡಹೆಂಡಿರಿಗೆ ದೇವರು ಕೊಟ್ಟ ಹೊತ್ತು ಅದೊಂದೇ.

ಆ ಹೊತ್ತನ್ನೂ ಅವನು ಹಾಳು ಮಾಡಿಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಶೆಲ್ಫಿನಲ್ಲಿ, ಮೆಂತ್ಯದ ಡಬ್ಬಿಯ ಹಿಂದೆ ಬಚ್ಚಿಟ್ಟ ಪಾಕೀಟನ್ನು ಹುಡುಕುವುದು, ಅರ್ಧದಲ್ಲಿ ಎದ್ದು ಗೋಡೆಯ ಕಡೆ ತಿರುಗುವುದು, ಹಲ್ಲಿನಲ್ಲಿ ಕಚ್ಚಿ ಹರಿಯುವುದು, ಗೊಣಗುವುದು. ಮತ್ತೆ ಇತ್ತ ತಿರುಗುವಾಗ ಅವನ ಮುಖ ಇನ್ಕಮ್ ಟ್ಯಾಕ್ಸ್ ಕಟ್ಟಿ ಬಂದವನ ಮುಖ. ನಿಶ್ಮಿತಾಳ ಕಣ್ಣು ಅವನ ಭುಜದ ಮೇಲಿಂದ ಗೋಡೆಯ ಕ್ಯಾಲೆಂಡರಿಗೆ ಹೋಗುತ್ತಿತ್ತು. ಗ್ಯಾಸ್ ಸಿಲಿಂಡರ್ ಯಾವಾಗ ಬರುತ್ತದೆಂದು ನೋಡುತ್ತಿದ್ದಾಳೆ ಎಂದುಕೊಂಡು ಅವನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಒಂದು ದಿನ ಅವಳು, "ಉರೀತದೆ ಮಾರಾಯ್ರೆ, ಬೇಡ," ಎಂದಳು. ಧನರಾಜನಿಗೆ ತಾನು ಇಂಥ ವಿಷಯದಲ್ಲೂ ಬುದ್ಧಿವಂತ ಎಂದು ತೋರಿಸುವ ಆಸೆಯಾಯಿತು. ಕರಾವಳಿಯವನಿಗೆ ಯಾವ ಉರಿಗೂ ಮದ್ದು ಒಂದೇ ಅಲ್ಲವೇ? ತಲೆ ಬಿಸಿಯಾದರೆ ತೆಂಗಿನೆಣ್ಣೆ, ಕೈ ಸುಟ್ಟರೆ ತೆಂಗಿನೆಣ್ಣೆ, ಮಗುವಿಗೆ ಶೀತವಾದರೆ ತೆಂಗಿನೆಣ್ಣೆ, ಬಾಗಿಲು ಕಿರುಗುಟ್ಟಿದರೂ ತೆಂಗಿನೆಣ್ಣೆ. ಅವನ ಅಮ್ಮ ಕಾರ್ಕಳದಿಂದ ಬಸ್ಸಿನಲ್ಲಿ ಕ್ಯಾನುಗಟ್ಟಲೆ ಕಳಿಸುತ್ತಿದ್ದಳು. ಅವನು ಹೋಗಿ ಒಂದು ಬಟ್ಟಲು ತಂದ.

"ಅತ್ತೆಯ ಎಣ್ಣೆಯಾ?" ಎಂದು ನಿಶ್ಮಿತಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅವರಿಗೆ ಗೊತ್ತಾದರೆ ಮತ್ತೆ ಕಳಿಸಲಿಕ್ಕಿಲ್ಲ."

ಎಣ್ಣೆಯಿಂದ ಹಿತವಾಯಿತು, ಸುಳ್ಳು ಹೇಳಬಾರದು. ಇಬ್ಬರೂ ಅಷ್ಟು ಖುಷಿಯಾಗಿ ಆ ಮಂಚದ ಮೇಲೆ ಇದ್ದು ಎಷ್ಟೋ ಕಾಲವಾಗಿತ್ತು. ಆದರೆ ಎಲ್ಲ ಮುಗಿದು ನೋಡಿದರೆ ಕಾಂಡೋಮ್ ಉದ್ದಕ್ಕೆ ಹರಿದಿತ್ತು.

ನಿಶ್ಮಿತಾಳ ಮುಖದಿಂದ ನಗು ಇಳಿದುಹೋದದ್ದನ್ನು ಧನರಾಜ ಕಣ್ಣಾರೆ ಕಂಡ. ಅವಳು ಬೈಯಲಿಲ್ಲ, ಅಳಲಿಲ್ಲ. ಎದ್ದು ಸೀರೆ ಸರಿಪಡಿಸಿಕೊಂಡು ತನ್ನ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹೇಳಿದ ಮಾತ್ರೆಯನ್ನು ತಾನೇ ಹೋಗಿ ತಂದು ಅವನೆದುರಿಗೇ ನುಂಗಿದಳು. ಆ ಮಾತ್ರೆ ನೂರಕ್ಕೆ ನೂರು ಗ್ಯಾರಂಟಿಯಲ್ಲವಂತೆ. ಇನ್ನು ಕಾಯಬೇಕಿತ್ತು. ಕಾದಷ್ಟು ದಿನವೂ ಧನರಾಜ ಹೋಟೆಲಿನಲ್ಲಿ ಯಾರಿಗೂ ಬೈಯಲಿಲ್ಲ. ದೋಸೆ ಹೊಯ್ಯುವ ಅಂಗಾರ, ಧನಿಗಳಿಗೆ ಹುಷಾರಿಲ್ಲವೇನೋ ಎಂದು ಕಷಾಯ ಮಾಡಿಕೊಟ್ಟ. ಆಸ್ಪತ್ರೆಯ ಆ ಕಾರಿಡಾರು ಧನರಾಜನ ಕಣ್ಣೆದುರಿಗೆ ಬಂದು ಬಂದು ಹೋಗುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ನಿಶ್ಮಿತಾ ಕಡಲೆಬೇಳೆ ಪಾಯಸ ಮಾಡಿದಳು. ಇವತ್ತು ಯಾರ ಬರ್ತ್‌ಡೇ ಎಂದು ಯಕ್ಷಿತಾ ಕೇಳಿದಳು. "ಯಾರದ್ದೂ ಅಲ್ಲ, ಅದಕ್ಕೇ ಪಾಯಸ," ಎಂದಳು ಅಮ್ಮ. ಅವಳು ಮುಟ್ಟಾಗಿದ್ದಾಳೆ, ಬಸಿರಿಲ್ಲ ಎಂದು ತಿಳಿದ ಧನರಾಜ ಎರಡನೇ ಸಲ ಪಾಯಸ ಬಡಿಸಿಕೊಂಡ.

ಮಕ್ಕಳು ಶಾಲೆಗೆ ಹೋದ ಮೇಲೆ ಅವಳು ಅವನ ದಿಂಬನ್ನು ತಂದು ಹೊರಗಿನ ಕೋಣೆಯಲ್ಲಿಟ್ಟಳು.

"ನನಗೆ ಸಿಟ್ಟಿಲ್ಲ," ಎಂದಳು. "ಆದರೆ ಹೆದರಿಕೆ ಉಂಟು. ಅದು ಯಾಕೆ ಹರಿಯಿತು, ಇನ್ನು ಹರಿಯದ ಹಾಗೆ ಏನು ಮಾಡ್ಬೇಕು, ಕೇಳಿಕೊಂಡು ಬನ್ನಿ. ನಾನು ಹೋಗುವುದಿಲ್ಲ, ಮಾತ್ರೆಗೆ ನಾನು ಹೋಗಿ ಆಗಿದೆ. ಈ ಸಲ ನೀವು. ಅಲ್ಲಿಯ ತನಕ ಮಧ್ಯಾಹ್ನ ನೀವು ಹೋಟೆಲಿನಲ್ಲೇ ಮಲಗಿ, ಅಂಗಾರನ ಗೊರಕೆ ಕೇಳಿಕೊಂಡು."

ಗ್ರಾಂಟ್ ರೋಡಿನ ಮೆಡಿಕಲ್ ಶಾಪಿನವರೆಲ್ಲ ಅವನ ಹೋಟೆಲಿನಲ್ಲೇ ಚಾ ಕುಡಿಯುವವರು. ಅಲ್ಲಿ ಇಂಥದನ್ನು ಕೇಳಿದರೆ ಸಂಜೆಯೊಳಗೆ ಗಲ್ಲಿಗೆಲ್ಲ ಚಟ್ನಿಯ ಜೊತೆ ಬಡಿಸಿಬಿಡುತ್ತಾರೆ. ಆದ್ದರಿಂದ ಧನರಾಜ ಲೋಕಲ್ ಟ್ರೈನು ಹಿಡಿದು ಬಾಂದ್ರಾಕ್ಕೆ ಹೋದ. ಅಲ್ಲಿ ತನ್ನನ್ನು ಕಂಡವರಿಲ್ಲ, ತಾನು ಕಂಡವರಿಲ್ಲ. ಸ್ಟೇಷನ್ನಿನಿಂದ ದೂರದ ಒಂದು ದೊಡ್ಡ ಅಂಗಡಿ ಆರಿಸಿಕೊಂಡು, ಗಿರಾಕಿಗಳು ಖಾಲಿಯಾಗುವ ತನಕ ಹೊರಗೆ ನಿಂತು, ಒಳಗೆ ಹೋಗಿ ತಗ್ಗಿದ ಸ್ವರದಲ್ಲಿ ಹಿಂದಿಯಲ್ಲಿ ಕೇಳಿದ.

ಕೌಂಟರಿನ ಹಿಂದೆ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಬಿಳಿ ಕೋಟಿನ ಮೇಲೆ ದಾನೇಶ್ವರಿ ಎಂದು ಹೆಸರು. ಅವನ ಎರಡು ವಾಕ್ಯದ ಹಿಂದಿ ಕೇಳಿದ್ದೇ ಅವರ ಮುಖ ಅರಳಿತು.

"ಕನ್ನಡದವ್ರೇನ್ರಿ? ಮಂಗ್ಳೂರ ಕಡಿಯವ್ರು, ಹೌದಲ್ರಿ? ನಮ್ಮೂರು ಇಂಡಿ! ಬರ್ರಿ, ಬರ್ರಿ, ಕನ್ನಡದಾಗ ಹೇಳ್ರಿ!"

ಧನರಾಜ ಇಂಗು ತಿಂದ ಮಂಗನಂತಾದ. ಗುರುತಿಲ್ಲದ ಊರು ಎಂದು ಬಂದರೆ ಇಲ್ಲಿ ನೆಂಟಸ್ತನವೇ ಶುರುವಾಗಿತ್ತು. ಓಡಿಹೋಗೋಣ ಎಂದರೆ ಹೊರಗಿನ ಕೋಣೆಯ ದಿಂಬು ನೆನಪಾಯಿತು. ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ, ಹರಿದದ್ದು, ಹೆಂಡತಿಯ ಬಿ.ಪಿ., ಎಲ್ಲ.

ದಾನೇಶ್ವರಿ ನಗಲಿಲ್ಲ. "ಹಚ್ಕೊಳ್ಳಾಕ ಏನರ ಬಳಸಿದ್ರೇನ್ರಿ?"

"ತೆಂಗಿನೆಣ್ಣೆ," ಎಂದ ಧನರಾಜ. "ಪ್ಯೂರ್. ಊರಿಂದು. ನಮ್ಮ ಅಮ್ಮನೇ ಗಾಣದಿಂದ ಮಾಡಿಸಿ ಕಳಿಸಿದ್ದು."

ಈಗ ಅವರಿಗೆ ನಗು ತಡೆಯಲಾಗಲಿಲ್ಲ. "ಅಯ್ಯ ಅಣ್ಣಾರ! ಕೊಬ್ರಿ ಎಣ್ಣಿ ಎಷ್ಟ ಚೊಲೊ ಇದ್ರೂ ಈ ರಬ್ಬರಿಗೆ ವೈರಿ ಐತ್ರಿ. ಎಣ್ಣಿ, ತುಪ್ಪ, ವ್ಯಾಸ್ಲಿನ್ ಏನ್ ಹಚ್ಚಿದ್ರೂ ಅದು ಮೆತ್ತಗಾಗಿ ಹರೀತೈತಿ. ಇಟ್ಟಿದ್ದೆಲ್ಲಿ?"

"ಒಲೆಯ ಮೇಲಿನ ಶೆಲ್ಫಿನಲ್ಲಿ."

"ಬಿಸಿಗೆ ಮೊದ್ಲ ಅರ್ಧ ಸತ್ತಿತ್ತು, ನೀವು ಎಣ್ಣಿ ಹಾಕಿ ಮಣ್ಣು ಮಾಡೀರಿ. ಹಲ್ಲಿಲೆ ಹರೀತೀರೇನು? ಅದನ್ನೂ ಬಿಡ್ರಿ."

ಆಮೇಲೆ ಅವರು ಸೀರೆ ಅಂಗಡಿಯವರ ಹಾಗೆ ಕೌಂಟರಿನ ಮೇಲೆ ಬಗೆಬಗೆಯ ಪಾಕೀಟು ಹರಡಿದರು. ಬಿಗಿಯಾದರೆ ಸುಖವಿಲ್ಲ, ಸಡಿಲವಾದರೆ ಜಾರುತ್ತದೆ, ಅಳತೆ ಎಂಬುದೊಂದು ಇದೆ ಎಂದರು. ಇಷ್ಟು ವರ್ಷ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹೋಗುತ್ತಿದ್ದ ಧನರಾಜನಿಗೆ, ಚಪ್ಪಲಿಗೂ ತಾನು ಇದಕ್ಕಿಂತ ಹೆಚ್ಚು ಯೋಚಿಸಿದ್ದೆ ಅನಿಸಿತು. ತೆಳ್ಳಗಿನದು ಒಂದು ಕೊಟ್ಟರು. ಕೊನೆಗೆ ಒಂದು ಸಣ್ಣ ಟ್ಯೂಬ್.

"ಇದು ನೀರಿನ ಜೆಲ್ ಐತ್ರಿ. ಹಾಕ್ಕೊಳ್ಳೋ ಮೊದ್ಲ ಒಳಗ ತುದಿಗೆ ಒಂದೇ ಹನಿ, ಹಾಕ್ಕೊಂಡ ಮ್ಯಾಲೆ ಹೊರಗ ಕೈ ತುಂಬ. ನಿಮಗೂ ಗೊತ್ತಾಗ್ತೈತಿ, ಅಕ್ಕಾರಿಗೂ ಉರಿ ಇರಂಗಿಲ್ಲ. ಮತ್ತ ಎದ್ದು ಹುಡುಕ್ಯಾಡಬ್ಯಾಡ್ರಿ, ದಿಂಬಿನ ಬಾಜೂಕ ಇರ್ಲಿ. ಇನ್ನೊಂದು ಮಾತು ಹೇಳ್ಲೇನ್ರಿ? ಹಾಕೋ ಕೆಲ್ಸ ಅಕ್ಕಾರ ಕೈಗೇ ಕೊಡ್ರಿ."

ಇಷ್ಟು ಹೊತ್ತಿಗೆ ಧನರಾಜನ ಕಿವಿ ಕೆಂಡವಾಗಿತ್ತು. ಹಣ ಕೊಟ್ಟು ಹೊರಬಿದ್ದವನು ಲೋಕಲ್ಲಿನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡೇ ಬಂದ. ಪಕ್ಕದಲ್ಲಿದ್ದ ಮುದುಕರು, ಒಡವೆ ಕೊಂಡವನಿರಬೇಕು ಎಂದು ಸ್ವಲ್ಪ ಸರಿದು ಜಾಗ ಕೊಟ್ಟರು.

ಮರುದಿನ ಮಧ್ಯಾಹ್ನ ಶಟರು ಅರ್ಧ ಇಳಿದ ಮೇಲೆ ಅವನು ಮನೆಗೆ ಹೋಗಿ ಪರೀಕ್ಷೆ ಬರೆಯುವ ಹುಡುಗನಂತೆ ಎಲ್ಲವನ್ನೂ ಒಪ್ಪಿಸಿದ. ಒಲೆ, ಹಲ್ಲು, ಅಳತೆ, ಎಣ್ಣೆ. "ತಪ್ಪು ನನ್ನದೇ," ಎಂದ. ನಿಶ್ಮಿತಾ ಅವನ ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡಿದಳು. ಮದುವೆಯಾದ ಮೇಲೆ ಅವನ ಬಾಯಲ್ಲಿ "ತಪ್ಪು ನನ್ನದು" ಎಂಬ ಮಾತು ಅವಳು ಕೇಳಿದ್ದು ಅದೇ ಮೊದಲು.

"ಅವರು ಇನ್ನೇನೋ ಹೇಳಿದ್ದಾರೆ, ನೀವು ನುಂಗ್ತಾ ಇದ್ದೀರಿ," ಎಂದಳು.

ಹೇಳಿದ. ಅವಳು ನಕ್ಕು ದಿಂಬನ್ನು ಹೊರಗಿನ ಕೋಣೆಯಿಂದ ಒಳಗೆ ತಂದಳು.

ಪಾಕೀಟು ದಿಂಬಿನ ಪಕ್ಕವೇ ಇತ್ತು. ಅವನು ಅಭ್ಯಾಸಬಲದಿಂದ ಅದಕ್ಕೆ ಕೈ ಹಾಕಿದ್ದೇ ಅವಳು ಕೈಗೆ ಒಂದು ಏಟು ಕೊಟ್ಟಳು.

"ನಿಮ್ಮ ಹೋಟೆಲಿನಲ್ಲಿ ಕಾವಲಿ ಕಾಯುವ ಮೊದಲೇ ಹಿಟ್ಟು ಹೊಯ್ತಾರಾ?"

"ಹೊಯ್ದರೆ ಅಂಗಾರನ ಕೆಲಸ ಹೋಗ್ತದೆ."

"ಮತ್ತೆ ನಿಮ್ಮದು ಯಾಕೆ ಉಳಿಯಬೇಕು? ಸುಮ್ಮನೆ ಮಲಗಿ."

ಅವನು ಮಲಗಿದ. ಧನರಾಜನಂಥವನಿಗೆ ಸುಮ್ಮನಿರುವುದು ಸಣ್ಣ ಕೆಲಸವಲ್ಲ. ಅವಳು ಅವಸರ ಮಾಡಲಿಲ್ಲ. ಅವನ ಕಿವಿಯ ಹತ್ತಿರ ಬಾಂದ್ರಾದ ಕತೆಯನ್ನು ಮತ್ತೆ ಹೇಳಿಸಿದಳು, "ಗಾಣದಿಂದ ಮಾಡಿಸಿದ್ದು ಅಂತಲೂ ಹೇಳಿದಿರಾ?" ಎಂದು ನಗುತ್ತಾ ಅವನ ಎದೆಯ ಮೇಲೆಯೇ ಹೊರಳಿದಳು. ಹೊತ್ತು ಬಂದಾಗ ಪಾಕೀಟನ್ನು ಬೆರಳಿನಿಂದ ಜೋಪಾನವಾಗಿ ಬಿಡಿಸಿ, ಒಳಗೆ ಒಂದು ಹನಿ ಬಿಟ್ಟು, ತುದಿ ಹಿಡಿದು, ನಿಧಾನವಾಗಿ ತಾನೇ ತೊಡಿಸಿದಳು. ಜೆಲ್ ತಣ್ಣಗಿತ್ತು. ಅವನು ಬೆಚ್ಚಿದ್ದಕ್ಕೆ ಅವಳು ಮತ್ತೆ ನಕ್ಕಳು. ಗೊಣಗಬೇಕಾದ ಜಾಗದಲ್ಲಿ ಗೊಣಗುವುದು ಅವನಿಗೆ ಮರೆತೇ ಹೋಯಿತು. ಇಷ್ಟು ದಿನ ಗೋಡೆ ನೋಡಿಕೊಂಡು ಮುಗಿಸುತ್ತಿದ್ದ ಕೆಲಸ ಇವತ್ತು ಆಟದ ನಡುವಿನದೇ ಒಂದು ಆಟವಾಗಿತ್ತು.

ಆಮೇಲೆ ಅವಳು ಮೊದಲು ನೋಡಿದ್ದು ಕಾಂಡೋಮನ್ನು. ಅದು ಗಟ್ಟಿಯಾಗಿ, ಇಡಿಯಾಗಿ ಇತ್ತು. ಅವಳು ಉಸಿರು ಬಿಟ್ಟು ಅವನ ತೋಳಿನ ಮೇಲೆ ತಲೆಯಿಟ್ಟಳು.

"ಪಾಯಸ ಹೇಗಿತ್ತು?" ಎಂದು ಕೇಳಿದಳು. "ಬಟ್ಟೆ ಅಡ್ಡ ಬಂತಾ?"

"ಯಾವ ಬಟ್ಟೆ?" ಎಂದ ಧನರಾಜ.

ಅವತ್ತು ಸಂಜೆ ಶಟರು ತಡವಾಗಿ ತೆರೆಯಿತು. ಅಂಟಿದ ಮೊದಲ ದೋಸೆಗೆ ಧನಿಗಳು ಬೈಯಲಿಲ್ಲವೆಂದು ಅಂಗಾರ ಮತ್ತೆ ಕಷಾಯಕ್ಕೆ ನೀರಿಟ್ಟ.

ಹೀಗೇ ದಿನಗಳು ಹೋದವು. ಒಂದು ಬೆಳಿಗ್ಗೆ ಯಕ್ಷಿತಾ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಮಲಗುವ ಕೋಣೆಯಿಂದ ಕೂಗಿದಳು, "ಪಪ್ಪಾ, ಯೇ ಕ್ಯಾಲೆಂಡರ್ ತೋ ಪುರಾನಾ ಹೈ! ಹಿಂದಿನ ತಿಂಗಳೇ ಉಂಟು!"

ಧನರಾಜ ಹೋಗಿ ನೋಡಿದ. ನಿಜ. ಹೊಸ ತಿಂಗಳು ಅರ್ಧ ಕಳೆದಿದ್ದರೂ ಹಾಳೆ ತಿರುಗಿಸಿರಲಿಲ್ಲ. ಸಿಲಿಂಡರ್ ಬರುವ ದಿನವನ್ನು ನಿಶ್ಮಿತಾ ಯಾವತ್ತೂ ಮೊಬೈಲಿನಲ್ಲೇ ನೋಡುವವಳು ಎಂಬುದು ಆಗ ಅವನಿಗೆ ನೆನಪಾಯಿತು. ಹಾಗಾದರೆ ಇಷ್ಟು ವರ್ಷ ಮಧ್ಯಾಹ್ನದ ಹೊತ್ತಿನಲ್ಲಿ ಅವನ ಭುಜದ ಮೇಲಿಂದ ಅವಳು ಎಣಿಸುತ್ತಿದ್ದದ್ದು ತನ್ನ ಮುಟ್ಟಿನ ದಿನಗಳನ್ನು, ಎಲ್ಲಿ ಬಸಿರಾದೇನೋ ಎಂಬ ಹೆದರಿಕೆಯಲ್ಲಿ, ಎಂದು ಅವನಿಗೆ ತಿಳಿಯಿತು. ಅಡ್ಡ ಇದ್ದದ್ದು ರಬ್ಬರೆಂದು ಅವನು ಗೊಣಗಿದ ಅಷ್ಟೂ ದಿನ ಅವಳು ಒಬ್ಬಳೇ ಹೆದರಿದ್ದಳು.

ನಿಶ್ಮಿತಾ ಕೈ ಒರೆಸಿಕೊಳ್ಳುತ್ತಾ ಬಂದಳು. "ಅಯ್ಯೋ, ತಿರುಗಿಸಲಿಕ್ಕೇ ಮರೆತುಹೋಗಿದೆ," ಎಂದಳು.

"ಇರಲಿ ಬಿಡು," ಎಂದ ಧನರಾಜ, ಅವಳ ಒದ್ದೆ ಕೈ ಹಿಡಿದುಕೊಂಡು.