ಗುಟ್ಟದ ಹುಲ್ಲಿಗೆ ನಾನಿಟ್ಟ ಬೆಂಕಿ

ಆ ಬೆಳಿಗ್ಗೆ ಪಾಪಕ್ಕನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡಾಗ ನನಗೆ ಹೆಮ್ಮೆಯೇ ಆಗಿತ್ತು. ಕಲ್ಯಾಣದುರ್ಗದ ಆಚೆಯ ಈ ಗುಟ್ಟವನ್ನು, ಅಂದರೆ ಹುಲ್ಲುಗುಡ್ಡವನ್ನು, ಗಿಡ ನೆಡುವ ನಮ್ಮ ಕಂಪನಿ ಗುತ್ತಿಗೆಗೆ ಹಿಡಿದು ಮೂರು ವರ್ಷವಾಗಿತ್ತು. ಕಾಗದದಲ್ಲಿ ಇದು ಬಂಜರು. ಕುರಿ ಬರಬಾರದು, ಬೆಂಕಿ ಬೀಳಬಾರದು, ನೆಟ್ಟ ಸಸಿಯೆಲ್ಲ ಮರವಾಗಬೇಕು. ಕಾಯುವವಳು ನಾನು, ಕಲ್ಪನಾ, ಹಿಂದೂಪುರದ ಮಗ್ಗದ ಮನೆಯವಳು. ಹುಲ್ಲೆಂದರೆ ನನಗೆ ಬಟ್ಟೆಗೆ ಚುಚ್ಚುವ ಮುಳ್ಳು, ಅಷ್ಟೆ.

ಪಾಪಕ್ಕ ಅರವತ್ತು ದಾಟಿದ ಕುರಿಗಾಹಿ. ಮೊದಲೆಲ್ಲ ಇಬ್ಬನಿ ಇರುವಾಗಲೇ ಪಟ್ಟಿಪಟ್ಟಿಯಾಗಿ ಹುಲ್ಲು ಸುಡುತ್ತಿದ್ದರಂತೆ, ಮಿಕ್ಕಿದ್ದನ್ನು ಕುರಿ ಮೇಯುತ್ತಿದ್ದವಂತೆ. ಈಗ ಎರಡೂ ಇಲ್ಲದೆ ಹುಲ್ಲು ಎದೆಮಟ್ಟ ನಿಂತಿದೆ, ಒಂದು ಪಟ್ಟಿಯನ್ನಾದರೂ ಸುಡದಿದ್ದರೆ ಇಡೀ ಗುಟ್ಟ ಒಂದೇ ಸಲ ಹೋಗುತ್ತದೆ ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮ್ಯಾನೇಜರ್ ಮುರಳಿಕೃಷ್ಣ ಅವರಿಗೆ ಫೋನ್ ಮಾಡಿ ಬೆಂಕಿಯಿಡಲು ಬಂದ ಕಳ್ಳಿ ಸಿಕ್ಕಳೆಂದು ಹೇಳಿದೆ. ಪೊಟ್ಟಣವನ್ನು ಸಾಕ್ಷಿಗೆಂದು ಬ್ಯಾಗಿಗೆ ಹಾಕಿಕೊಂಡು, ಅವಳನ್ನು ಮುಂದೆ ಬಿಟ್ಟುಕೊಂಡು ಇಳಿಯತೊಡಗಿದೆ.

ಅರ್ಧ ದಾರಿಯಲ್ಲಿ ಕೆಳಗೆ ರಸ್ತೆಯ ಬದಿಯಿಂದ ಹೊಗೆ ಎದ್ದಿತು. ಯಾರ ಬೀಡಿಯೋ ಏನೋ, ನಾವಿಬ್ಬರೂ ಅತ್ತ ಕಾಲಿಟ್ಟಿರಲಿಲ್ಲ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ನೋಡನೋಡುತ್ತ ಹೊಗೆಯ ಬುಡದಲ್ಲಿ ಬೆಂಕಿ ಕಂಡಿತು, ಲಾರಿ ಬಂದಂತೆ ಸದ್ದು ಮಾಡುತ್ತಿತ್ತು. ನಾನು ಗುಟ್ಟದ ನೆತ್ತಿಯತ್ತ ಓಡಿದೆ. ಪಾಪಕ್ಕ ರಟ್ಟೆ ಹಿಡಿದು ಜಗ್ಗಿದಳು.

"ಮ್ಯಾಲಕ್ಕೆ ಓಡ್ಬ್ಯಾಡ ಕಣಮ್ಮ. ಬೆಂಕಿ ನಿನಗಿಂತ ಬಿರ್ನೆ ಹತ್ತುತ್ತೆ. ಆ ಪೊಟ್ಣ ಕೊಡು."

ನಾನು ಕೊಡುವ ಮೊದಲೇ ಬ್ಯಾಗಿಗೆ ಕೈಹಾಕಿ ತೆಗೆದಳು, ಕಡ್ಡಿ ಗೀರಿ ನಮ್ಮ ಮುಂದಿನ ಹುಲ್ಲಿಗೇ ಇಟ್ಟಳು. ಹಿಂದೆ ಬೆಂಕಿ, ಮುಂದೂ ಬೆಂಕಿ. ಮುದುಕಿಗೆ ತಲೆ ಕೆಟ್ಟಿದೆ ಎಂದು ಬೈದು, ಬೂಟುಗಾಲಲ್ಲಿ ತುಳಿದು ಆರಿಸಿಬಿಟ್ಟೆ. ಪಾಪಕ್ಕ ಪೊಟ್ಟಣ ಅಲುಗಿಸಿ ನೋಡಿದಳು. ಒಂದೇ ಕಡ್ಡಿ ಉಳಿದಿತ್ತು. ಅದನ್ನು ನನ್ನ ಕೈಗಿಟ್ಟು ಹೆಗಲ ಮೇಲಿನ ಕಂಬಳಿ ಬಿಚ್ಚಿದಳು.

"ನೀನೇ ಗೀರು, ಅಮ್ಮಾಯಿ. ನಾನು ಕಂಬಳಿ ಅಡ್ಡ ಹಿಡೀತೀನಿ. ನಮ್ ಬೆಂಕಿ ಮುಂದಕ್ಕೆ ಹೋಯ್ತದೆ, ಸುಟ್ಟಿರೋ ಜಾಗ್ದಾಗೆ ನಾವು ಕೂತ್ಕಂಬಾನ. ಸುಡಾಕೆ ಏನೂ ಇಲ್ದಿದ್ರೆ ಆ ದೊಡ್ ಬೆಂಕಿ ಇಲ್ಲಿಗ್ಯಾಕೆ ಬತ್ತದೆ?"

ಬೆನ್ನು ಕಾಯುತ್ತಿತ್ತು. ಗೀರಿದೆ. ಹುಲ್ಲು ಹತ್ತಿಕೊಂಡಿತು, ಗಾಳಿ ಅದನ್ನು ನಮ್ಮಿಂದ ಮುಂದಕ್ಕೆ ಒಯ್ದಿತು, ಹಿಂದೆ ಒಕ್ಕುವ ಕಣದಷ್ಟು ಅಗಲದ ಕಪ್ಪು ನೆಲ ಉಳಿಯಿತು. ಇಬ್ಬರೂ ಅದರೊಳಕ್ಕೆ ನುಗ್ಗಿ ಕಂಬಳಿ ಹೊದ್ದು ಕವುಚಿ ಮಲಗಿದೆವು. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಅವಳ ಸೆರಗು ಹಿಡಿದು ಅತ್ತೆ. ದೊಡ್ಡ ಬೆಂಕಿ ಅಂಚಿನ ತನಕ ಬಂದು, ಎರಡಾಗಿ ಒಡೆದು, ಅತ್ತಿತ್ತ ಹಾದುಹೋಯಿತು.

ಎದ್ದಾಗ ಗುಟ್ಟಕ್ಕೆ ಗುಟ್ಟವೇ ಕಪ್ಪು. ನಮ್ಮ ಸಸಿಗಳೆಲ್ಲ ಕಡ್ಡಿ. ಇಂಥ ಬೆಂಕಿ ಎಷ್ಟೋ ಕಂಡಿದ್ದ ದಪ್ಪ ತೊಗಟೆಯ ಹಳೇ ಕಮರದ ಮರಗಳು ಮಾತ್ರ ಅಲ್ಲೊಂದು ಇಲ್ಲೊಂದು ನಿಂತಿದ್ದವು. ಪಾಪಕ್ಕ ಕೋಲಿನಿಂದ ಸುಟ್ಟ ಹುಲ್ಲಿನ ಬುಡ ಕೆದಕಿದಳು. ಒಳಗೆ ಬೇರು ಬೆಳ್ಳಗೆ ಹಸಿಯಾಗಿತ್ತು. ಮಳೆ ಬಿದ್ದರೆ ಚಿಗುರುತ್ತದೆ ಎಂದಳು.

ಅಷ್ಟರಲ್ಲಿ ಮುರಳಿಕೃಷ್ಣ ಅವರ ಫೋನ್. ಬೆಂಕಿಯ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ಮುದುಕಿಯ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಬೇಕು, ಪೊಟ್ಟಣ ಜೋಪಾನ ಎಂದರು. ಅವರ ಗಂಟಲು ದೊಡ್ಡದು, ಪಾಪಕ್ಕನಿಗೂ ಕೇಳಿಸಿತು. ಅವಳು ಕಂಬಳಿಯ ಬೂದಿ ಕೊಡವುತ್ತಿದ್ದಳು.

"ಬೆಳಿಗ್ಗೆ ಅವಳು ಸುಡೋಕೆ ಬಂದಿದ್ದು ಒಂದು ಪಟ್ಟಿ ಸಾರ್. ಬಿಟ್ಟಿದ್ರೆ ಗುಟ್ಟ ಉಳೀತಿತ್ತು, ನಾನು ಬಿಡಲಿಲ್ಲ," ಎಂದೆ. "ಪೊಟ್ಣ ಖಾಲಿ. ಕೊನೇ ಕಡ್ಡಿ ಗೀರಿದ್ದು ನಾನು. ಕಂಪ್ಲೇಂಟಲ್ಲಿ ನನ್ನ ಹೆಸರೇ ಬರೀರಿ."