ಅರ್ಧ ಅಂದರೆ ಯಾವುದರ ಅರ್ಧ

ಗಣಿತದ ಟೀಚರ್ ಆ ಕಂಪನಿಗೆ ಅರ್ಜಿ ಹಾಕಿದ್ದು ಕೆಲಸದ ಮೇಲಿನ ಆಸೆಯಿಂದಲ್ಲ. ಅದರ ಆಫೀಸು ಗಂಡ ಇದ್ದ ಊರಿನಲ್ಲಿತ್ತು. ಅವನು ಅಲ್ಲಿಯ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದ. ಇವಳಿಗೆ ಇಲ್ಲಿಯ ಶಾಲೆ. ಮದುವೆಯಾದಾಗಿನಿಂದ ಸಂಸಾರವೆಲ್ಲ ಫೋನಿನಲ್ಲೇ. ಇತ್ತೀಚೆಗೆ ಅದರಲ್ಲೂ ಮಾತು ತೀರಿಹೋಗಿ, ‘ಊಟ ಆಯ್ತಾ?’, ‘ಆಯ್ತು, ನಿಂದು?’ ಎನ್ನುವಲ್ಲಿಗೆ ಬಂದು ನಿಂತಿತ್ತು. ಹೇಳಬೇಕಾಗಿದ್ದದ್ದೆಲ್ಲ ಅವಳಿಗೆ ನೆನಪಾಗುತ್ತಿದ್ದುದು ಫೋನಿಟ್ಟ ಮೇಲೆ.

ಕಂಪನಿ ಹೊಸದು, ಮಕ್ಕಳಿಗೆ ಮೊಬೈಲಿನಲ್ಲಿ ಲೆಕ್ಕ ಕಲಿಸುವಂಥದ್ದು. ಅರ್ಜಿಯ ಕೊನೆಯಲ್ಲಿ ಜಾಣ್ಮೆ ಅಳೆಯಲೆಂದು ಒಂದು ಪ್ರಶ್ನೆ ಇಟ್ಟಿದ್ದರು: ‘ಒಂದು ತೊಟ್ಟಿಯ ಅರ್ಧ ನೀರು ಖಾಲಿ ಮಾಡಿ, ಮತ್ತೆ ಅರ್ಧ ತುಂಬಿಸಿದರೆ, ಎಷ್ಟು ಲೀಟರ್ ಉಳಿಯುತ್ತದೆ?’

ಅವಳು ಮತ್ತೆ ಮತ್ತೆ ಓದಿದಳು. ತಲೆಬುಡ ತಿಳಿಯಲಿಲ್ಲ. ಗಂಡನಿಗೆ ಫೋನ್ ಹಚ್ಚಿದಳು.

“ರೀ, ಅರ್ಧ ಅಂದ್ರೆ ತೊಟ್ಟಿಯ ಅರ್ಧನಾ, ಉಳಿದ ನೀರಿನ ಅರ್ಧನಾ? ಮೊದಲು ತುಂಬಿತ್ತು ಅಂತಾನೂ ಹೇಳಿಲ್ಲ. ತೊಟ್ಟಿ ಎಷ್ಟು ದೊಡ್ಡದು ಅಂತಾನೂ ಇಲ್ಲ.”

“ನಲ್ಲಿ ಸೋರ್ತಿತ್ತಾ ಕೇಳು,” ಎಂದ ಅವನು.

“ತಮಾಷೆ ಬೇಡ. ಈ ಕೆಲಸ ಸಿಕ್ಕಿದ್ರೆ ನಾನು ಅಲ್ಲಿಗೆ ಬರ್ತೀನಿ.”

ಆ ಕಡೆ ಡ್ರಾಯರ್ ಎಳೆದ ಸದ್ದಾಯಿತು. “ಹಾಗಾದ್ರೆ ತಡಿ, ಪೆನ್ನು ತಗೊಳ್ತೀನಿ.”

ಇಬ್ಬರೂ ವಾದಕ್ಕೆ ಬಿದ್ದರು. ಅವನು ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ನೀರು ಹಿಡಿದು, ಸುರಿದು, ಮತ್ತೆ ಹಿಡಿದು, ಕೊನೆಗೆ ಪ್ಯಾಂಟು ಒದ್ದೆ ಮಾಡಿಕೊಂಡ. ಇವಳು ನಕ್ಕು ನಕ್ಕು ಸುಸ್ತಾದಳು. ಊಟದ ವಿಚಾರ ಇಬ್ಬರಿಗೂ ಮರೆತೇಹೋಗಿತ್ತು. ಉತ್ತರ ಸಿಗದೇ ಇದ್ದರೆ ಚೆನ್ನ ಎಂದು ಒಂದು ಗಳಿಗೆ ಅವಳಿಗೆ ಅನಿಸಿತು.

ಉತ್ತರದ ಜಾಗ ಅಂಕಿಯನ್ನು ಮಾತ್ರ ಒಪ್ಪುತ್ತಿತ್ತು. ಅವಳು ಸೊನ್ನೆ ಒತ್ತಿ, ‘ನಿಮ್ಮ ಬಗ್ಗೆ’ ಎಂಬಲ್ಲಿ ತನ್ನ ಗೊಂದಲವನ್ನೆಲ್ಲ ಬರೆದು ಕಳಿಸಿದಳು. ಕೆಲಸ ಕೈತಪ್ಪಿತು ಎಂದುಕೊಂಡು ಸುಮ್ಮನಾದಳು.

ಮುಂದಿನ ವಾರ ಕಂಪನಿಯ ಮ್ಯಾನೇಜರ್ ಹೆಂಗಸು ತಾನೇ ಫೋನ್ ಮಾಡಿದಳು.

“ಆ ಪ್ರಶ್ನೆ ಬರೆದವರು ಕೆಲಸ ಬಿಟ್ಟುಹೋದ್ರು ಮೇಡಂ. ಸರಿ ಉತ್ತರ ಏನು ಅಂತ ನಮಗೂ ಗೊತ್ತಿಲ್ಲ. ಮಕ್ಕಳ ಪ್ರಶ್ನೆಗಳೂ ಹೀಗೇ ಇವೆ. ನೀವು ತಿದ್ದಿಕೊಡ್ತೀರಾ? ಆಫೀಸು ಮುಚ್ಚಿದ್ದೀವಿ, ನೀವು ಇಲ್ಲಿಗೆ ಬರೋದೇನೂ ಬೇಡ. ಮನೆಯಿಂದಲೇ ಮಾಡಿ.”

ಬರೋದೇನೂ ಬೇಡ ಎಂದರೆ ಆ ಊರಿಗೆ ಹೋಗುವ ದಾರಿಯೇ ಮುಚ್ಚಿತು ಎಂದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: “ಯಾವ ಮನೆಯಿಂದ?”

“ಯಾವ ಮನೆ ಆದ್ರೇನು? ನಿಮ್ಮ ಮನೆ.”

ಗಂಡನ ಜೊತೆಗಿದ್ದು ಅಲ್ಲಿಂದಲೇ ಕೆಲಸ ಮಾಡುವುದೆಂದು ಅವಳು ಒಪ್ಪಿಕೊಂಡಳು, ಆದರೆ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಶಾಲೆ ಬಿಡುವಂತಿರಲಿಲ್ಲ. ಮರುದಿನ ಗಂಡ, ನಿನ್ನ ಮೇಜು ಇಲ್ಲಿ ಹಾಕಲಾ ಎಂದು ಕಿಟಕಿಯ ಪಕ್ಕದ ಜಾಗದ ಫೋಟೊ ಕಳಿಸಿದ. ಸ್ಟಾಫ್ ರೂಮಿನಲ್ಲಿ ಕೂತಿದ್ದ ಅವಳು ಕಿಟಕಿಯನ್ನು ನೋಡಲೇ ಇಲ್ಲ. ಫೋಟೊದ ಮೂಲೆಯಲ್ಲಿದ್ದ ಕುರ್ಚಿಯ ಮೇಲೆ ಅವನ ಅಂಗಿ ಒಳಮೈ ಹೊರಗಾಗಿ ಬಿದ್ದಿತ್ತು. ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ, ಗಂಟೆ ಬಾರಿಸುವವರೆಗೂ ಆ ಅಂಗಿಯನ್ನೇ ನೋಡುತ್ತ ಕೂತಳು.