ಮೂರು ಉಗುರಿನ ಗುರುತು

"ಏನೇ ಮುಂಡೆ, ಮುಚ್ಚಳ ತೆಗೆದು ಗುಂಡಿ ಮುಂದೆ ಕೂತ್ಬಿಟ್ಟೆ! ಒಳಗಿಂದ ಗಂಡ ಎದ್ದು ಬರ್ತಾನೆ ಅಂತ ಕಾಯ್ತಿದ್ದೀಯಾ?"

ಗುಂಡಿಯ ಅಂಚಿನಲ್ಲಿ ಕೂತಿದ್ದ ಅಕ್ಕನಿಗೆ ಮೇಸ್ತ್ರಿ ಹೀಗಂದಾಗ ಹಗ್ಗ ಹಿಡಿದಿದ್ದ ಇಬ್ಬರು ಹಲ್ಲು ಕಿರಿದರು. ತಾತ ಮಾತ್ರ ಮುಖ ಆಚೆ ತಿರುಗಿಸಿದ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಅವನೇ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಬೀದಿಯ ಮುಂದಿನ ಗುಂಡಿಯಲ್ಲಿ ಈ ಅಕ್ಕನ ಗಂಡ ಒಳಗಿನ ವಿಷಗಾಳಿಗೆ ಸಿಕ್ಕಿ ಸತ್ತಾಗ ಮೇಲೆ ಹಗ್ಗ ಹಿಡಿದು ನಿಂತಿದ್ದವನೂ ಅವನೇ.

"ಗಾಳಿ ಆಡ್ಲಿ, ಇಳೀತೀನಿ," ಅಂದಳು ಅಕ್ಕ.

"ಗಾಳಿ ಆಡ್ಬೇಕಂತೆ! ರಾಣಿಯವ್ರಿಗೆ ಬೀಸಣಿಗೆ ತರಿಸ್ಲಾ? ಅಲ್ಲಿ ಲಾರಿ ನಿಂತಿದೆ, ಮಧ್ಯಾಹ್ನಕ್ಕೆ ಸಾಹೇಬ್ರು ಬರ್ತಾರೆ. ಇಳೀತೀಯೋ, ಒದ್ದು ಇಳಿಸ್ಲೋ?"

ಅವಳು ಜಪ್ಪಯ್ಯ ಅನ್ನಲಿಲ್ಲ. ಇಳಿಯುವ ಮೊದಲು ಕಾಯಬೇಕು ಎಂದು ಅವತ್ತು ಒಬ್ಬನೇ ಒಬ್ಬ ಹೇಳಿದ್ದರೆ ಅವಳ ಗಂಡ ಇನ್ನೂ ಇರುತ್ತಿದ್ದ. ಅವಳು ಇಲ್ಲಿ ಕೂತು ಈ ಹಲ್ಕಟ್ ಮಾತು ಕೇಳಬೇಕಾಗಿಯೂ ಇರಲಿಲ್ಲ.

ಆ ಬೀದಿಯ ಕೆಳಗೆ ಫೋನಿನ ಹಳೇ ಕೇಬಲ್ಲು ಮಲಗಿತ್ತು. ತೋಳಿನಷ್ಟು ದಪ್ಪ. ಮೇಲೆ ಸೀಸದ ಹೊದಿಕೆ, ಒಳಗೆ ನೂರಾರು ತಾಮ್ರದ ಎಳೆ. ಒಂದು ಕಾಲಕ್ಕೆ ಊರಿನ ಹುಟ್ಟು ಸಾವು, ಜಗಳ, ರಾಜಿ, ಕದ್ದು ಆಡಿದ ಮಾತು ಎಲ್ಲವೂ ಇದರೊಳಗೇ ಹರಿದದ್ದು. ಈಗ ಎಲ್ಲರ ಜೇಬಿನಲ್ಲೂ ಮೊಬೈಲು, ಕೇಬಲ್ಲು ಯಾರಿಗೂ ಬೇಡ. ಅದನ್ನು ಎಳೆದು, ತೋಳುದ್ದ ಕತ್ತರಿಸಿ, ಗುಜರಿಯ ಲಾರಿಗೆ ತುಂಬುವುದೇ ಇವರ ಕೆಲಸ. "ಹೂತಿದ್ದೂ ನಾವೇ, ಕೀಳೋದೂ ನಾವೇ," ಎಂದು ತಾತ ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದ. ಈ ಬೀದಿ ಮುಗಿದರೆ ಅವನ ಕೆಲಸವೂ ಮುಗಿಯಿತು. ಕೇಬಲ್ಲಿಗಾದರೂ ಗುಜರಿಯಲ್ಲಿ ಬೆಲೆ ಇತ್ತು.

ಎದುರಿನ ಅಂಗಡಿಯವನು ಮೊಬೈಲನ್ನು ಕಿವಿಗೆ ಒತ್ತಿಕೊಂಡೇ ಹೊರಗೆ ಬಂದ. "ಏನ್ರಯ್ಯಾ ಇದು ಧೂಳು! ಈ ದರಿದ್ರ ಇನ್ನೂ ನೆಲದೊಳಗಿತ್ತಾ?" ಎಂದು ಬೈದು ಒಳಗೆ ಹೋದ.

ಗಾಳಿ ಆಡಿದ ಮೇಲೆಯೇ ಅಕ್ಕ ಏಣಿ ಇಳಿದಳು. ಒಳಗೆ ಮೊಣಕಾಲುದ್ದ ಕಪ್ಪು ನೀರು. ಗೋಡೆಯ ಕಬ್ಬಿಣದ ಗೂಟದ ಮೇಲೆ ಕೇಬಲ್ಲಿನ ಜಾಯಿಂಟು ಕೂತಿತ್ತು. ಎರಡು ಕೇಬಲ್ಲು ಸೇರಿಸಿ ಮೇಲೆ ಸೀಸ ಮುಚ್ಚಿದ ಗಂಟು ಅದು, ಎಂಟು ತಿಂಗಳ ಬಸುರಿನ ಹಾಗೆ ಉಬ್ಬಿತ್ತು. ಗರಗಸ ಇಡಲು ಜಾಗ ಬೇಕೆಂದು ಅವಳು ಅಂಗೈಯಿಂದ ಕೆಸರು ಒರೆಸಿದಳು. ಒರೆಸಿದ ಕೈ ಅಲ್ಲೇ ನಿಂತಿತು.

ಸೀಸದ ಮೇಲೆ ಮೂರು ಉಗುರಿನ ಗುರುತು. ಎರಡು ನೆಟ್ಟಗೆ, ಮೂರನೆಯದು ಅಡ್ಡ. ಮೂರರಲ್ಲೂ ನಡುವೆ ಒಂದು ಸೀಳು.

ಅವಳ ಗಂಡನ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಮನೆಯಲ್ಲಿ ತನ್ನ ಸೋಪಿನ ಮೇಲೂ ಹೀಗೇ ಮೂರು ಒತ್ತು ಒತ್ತಿ, "ನನ್ನ ಸೋಪು ಮುಟ್ಟಿದ್ರೆ ಸಿಕ್ಕಿಬೀಳ್ತೀಯ ನೋಡು," ಎಂದು ಅವಳನ್ನು ಹೆದರಿಸುತ್ತಿದ್ದ. ಸೋಪು ಮುಗಿಯುವವರೆಗೂ ಅವಳು ಅದನ್ನೇ ಕದ್ದು ಬಳಸುತ್ತಿದ್ದಳು. ಗುರುತಿನ ಪಕ್ಕದಲ್ಲಿ ಅಂಕೆ ಕುಟ್ಟಿದ್ದರು. ಅಕ್ಕನಿಗೆ ಅಕ್ಷರ ಬಾರದಿದ್ದರೂ ಅಂಕೆ ಬರುತ್ತಿತ್ತು. ಅವನು ಸತ್ತದ್ದರ ಹಿಂದಿನ ದಿನದ ತಾರೀಕು.

"ತಾತಾ! ಒಸಿ ಇಳಿದು ಬಾ!"

ತಾತ ಇಳಿದು ಬಂದು ನೋಡಿದ. ಗುರುತಿನ ಮೇಲೆ ಬೆರಳಾಡಿಸಿದ.

"ಅವನದೇ ಕಣವ್ವ. ಪ್ರತಿಯೊಬ್ನೂ ತನ್ನ ಜಾಯಿಂಟಿಗೆ ಗುರುತು ಹಾಕ್ಬೇಕಿತ್ತು. ನೀರು ನುಗ್ಗಿ ಫೋನ್ ಸತ್ರೆ ಯಾರ ಕೂಲಿ ಮುರೀಬೇಕು ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ. ಆಮೇಲೆ ಇಂಜಿನಿಯರ್ ಬಂದು ನೋಡಿ, ತಾನೇ ತಾರೀಕು ಕುಟ್ಟೋನು. ಅಚ್ಚಿನ ಪೆಟ್ಟಿಗೆ ಅವನ ಕೈಲೇ ಇರ್ತಿತ್ತು."

"ಯಾವ ಇಂಜಿನಿಯರ್?"

"ಇನ್ಯಾವನು? ಇವತ್ತು ಕಾರಲ್ಲಿ ಬರ್ತಾನಲ್ಲ, ಆ ಸಾಹೇಬ."

ಆ ಸಾಹೇಬನ ಬಾಗಿಲಿಗೆ ಅಕ್ಕ ಎಷ್ಟು ಸಲ ಹೋಗಿದ್ದಳು! ಎದೆಹಾಲು ಬಿಡದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. "ಅವನು ನಮ್ಮವನಲ್ಲ, ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ತಾಮ್ರ ಕದಿಯೋಕೆ ಗುಂಡಿಗೆ ಇಳಿದಿದ್ದ," ಎಂದು ಸಾಹೇಬ ಬರೆದು ಕೊಟ್ಟಿದ್ದ. ಪೊಲೀಸರೂ ಹಾಗೇ ಬರೆದುಕೊಂಡರು. ಅವತ್ತಿನಿಂದ ಅವಳು ಕಳ್ಳನ ಹೆಂಡತಿ, ಮಗಳು ಕಳ್ಳನ ಮಗಳು. ಶಾಲೆಯಲ್ಲಿ ಒಂದು ಪೆನ್ಸಿಲ್ ಕಾಣೆಯಾದರೂ ಮೊದಲು ಆ ಹುಡುಗಿಯ ಚೀಲ ತಡಕುತ್ತಿದ್ದರು.

"ನೀನು ಮೇಲಿದ್ದೆ ತಾತ. ನೀನು ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಮಾರನೇ ದಿನ ಕೆಲ್ಸ ಇರ್ತಿರ್ಲಿಲ್ಲವ್ವ," ಎಂದ ತಾತ.

ಮೇಲೆ ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದು ಗುಂಡಿಯ ಅಂಚಿಗೆ ಬಂದ. "ಏನು ಮೀಟಿಂಗು ಒಳಗೆ?"

"ಸಾಹೇಬ್ರೇ, ಇಲ್ಲಿ ನೋಡಿ. ನನ್ನ ಗಂಡನ ಗುರುತು, ನಿಮ್ಮ ತಾರೀಕು. ಅವ್ರು ಕದಿಯೋಕೆ ಇಳಿದಿದ್ದಲ್ಲ, ದುಡಿಯೋಕೆ ಇಳಿದಿದ್ದು. ಈಗಲಾದ್ರೂ ಬರೆದು ಕೊಡಿ."

ಸಾಹೇಬ ಬಗ್ಗಿದ. ಮೇಸ್ತ್ರಿಯ ಟಾರ್ಚು ಇಸಿದುಕೊಂಡು ಬಹಳ ಹೊತ್ತು ನೋಡಿದ. ಅವನಿಗೆ ಗೊತ್ತಾಯಿತು ಎನ್ನುವುದು ಅಕ್ಕನಿಗೆ ಗೊತ್ತಾಯಿತು. ಅವನು ಟಾರ್ಚು ಆರಿಸಿದ.

"ಇದನ್ನ ನಾಲ್ಕು ತುಂಡು ಮಾಡಿ ಮೊದಲು ಲಾರಿಗೆ ಹಾಕು," ಎಂದ ಮೇಸ್ತ್ರಿಗೆ.

"ಕೇಳಿಸ್ತೇನೇ? ನಾಲ್ಕು ತುಂಡು! ಹತ್ತು ಪೈಸೆ ಸೀಸಕ್ಕೆ ಅಳ್ತಾಳೆ, ಬೋಳಿ!" ಎಂದು ಮೇಸ್ತ್ರಿ ಗುಂಡಿಯೊಳಗೆ ಕೂಗಿದ.

ಅಕ್ಕ ಗರಗಸ ಎತ್ತಿಕೊಂಡಳು. ಜಾಯಿಂಟಿನ ಆಚೆ ಒಂದು ಸಲ ಕೊಯ್ದಳು, ಈಚೆ ಒಂದು ಸಲ ಕೊಯ್ದಳು. ನಡುವೆ ಮುಟ್ಟಲಿಲ್ಲ. ತಾತ ಹಗ್ಗ ಕಟ್ಟಿದ, ಇಬ್ಬರೂ ಅದನ್ನು ಮೇಲಕ್ಕೆ ತಂದರು. ತಲೆಗೆ ಬಟ್ಟೆ ಸುತ್ತಿಕೊಂಡು, ಸೀಸದ ಗಂಟನ್ನು ಅದರ ಮೇಲೆ ಹೊತ್ತು ಅವಳು ನಡೆದೇಬಿಟ್ಟಳು. ಲಾರಿಯ ಕಡೆಗಲ್ಲ.

"ಏ! ಎಲ್ಲಿಗೆ? ಏ ಕಳ್ಳಿ! ಹಿಡೀರೋ ಅವಳನ್ನ!"

ಅವಳು ಕತ್ತು ತಿರುಗಿಸುವಂತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸಿ ನಿಂತಳು.

"ಹೌದು ಕಣೋ, ಕದೀತಿದ್ದೀನಿ! ಪೊಲೀಸ್ ಸ್ಟೇಷನ್ನಿಗೇ ಹೋಗ್ತಿದ್ದೀನಿ. ಬಂದು ದೂರು ಕೊಡು. ಏನು ಕದ್ಲು ಅಂತ ಬರೀತಾರಲ್ಲ, ಆಗ ಗುರುತೂ ಬರೆಸು, ತಾರೀಕೂ ಬರೆಸು. ನಿಮ್ಮ ಬಾಯಿಗೆ ಮಣ್ಣು ಹಾಕ! ಕದಿಯದವನನ್ನ ಕಳ್ಳ ಅಂತ ಬರೆಸಿದ್ರಲ್ಲ, ಕದ್ದವಳನ್ನೂ ಬರೆಸಿ!"

ಮೇಸ್ತ್ರಿ ಆಗಲೇ ಮೊಬೈಲು ಕಿವಿಗಿಟ್ಟಿದ್ದ. ಸಾಹೇಬ ಅದನ್ನು ಕಿತ್ತುಕೊಂಡ. "ಬೇಡ. ಬಿಡು. ಹೋಗ್ಲಿ."

"ಸಾರ್, ಅಷ್ಟು ಸೀಸ ಸಾರ್..."

"ಬಿಡು ಅಂದ್ನಲ್ಲೋ ಬೋಳಿಮಗನೇ!"

ಸ್ಟೇಷನ್ನಿನಲ್ಲಿ ಪೇದೆ ಮೊದಲು ನಕ್ಕ, ಆಮೇಲೆ ಗದರಿದ, ಆಮೇಲೆ ಸುಸ್ತಾದ. ದೂರು ಕೊಡುವವರು ಇಲ್ಲದೆ ಕಳವು ಹೇಗಾಗುತ್ತದೆ ಎಂದು ಅವನು ಕೇಳಿದ. ಕದ್ದವಳೇ ಹೇಳುತ್ತಿರುವಾಗ ಇನ್ಯಾರು ಬೇಕು ಎಂದು ಅಕ್ಕ ಕೇಳಿದಳು. ಬೆಂಚಿನ ಮೇಲೆ ಕೂರಲು ಬಿಡಲಿಲ್ಲ, ಅವಳು ನೆಲದ ಮೇಲೆ ಕೂತು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅದರ ಭಾರಕ್ಕೆ ಕಾಲು ಜೋಮು ಹಿಡಿದಿತ್ತು. ಕೊನೆಗೆ ಪೇದೆ ಸಾಹೇಬನ ಕಚೇರಿಗೆ ಫೋನು ಮಾಡಿದ. ಹೂಂ, ಹೂಂ ಎಂದು ಕೇಳಿ ಕೆಳಗಿಟ್ಟ.

"ನೋಡಮ್ಮ, ಅದು ನಮ್ದಲ್ಲ ಅಂತಿದ್ದಾರೆ. ಯಾವ ಪುಸ್ತಕದಲ್ಲೂ ಇಲ್ವಂತೆ. ತಗೊಂಡು ಮನೆಗೆ ಹೋಗು."

ನಮ್ಮದಲ್ಲ. ಯಾವ ಪುಸ್ತಕದಲ್ಲೂ ಇಲ್ಲ. ಅಕ್ಕನಿಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಸೆಟೆದು ಕೂತಳು.

"ಹೋಗಲ್ಲ. ಬರ್ಕೊಳ್ಳಿ."

ಅಷ್ಟರಲ್ಲಿ ತಾತ ಬಾಗಿಲಲ್ಲಿ ಬಂದು ನಿಂತಿದ್ದ. ಮೈಯೆಲ್ಲ ಕೆಸರು, ಕೈಯಲ್ಲಿ ಹಗ್ಗ ಇನ್ನೂ ಹಾಗೇ ಇತ್ತು. ಅವನು ಬಂದು ಅಕ್ಕನ ಪಕ್ಕದಲ್ಲಿ ಏದುಸಿರು ಬಿಡುತ್ತಾ ಕೂತ.

"ಇವ್ಳು ಕದ್ದಿದ್ದನ್ನ ನಾನು ನೋಡಿದ್ದೀನಿ ಸಾರ್," ಎಂದ. "ಹತ್ತೊಂಬತ್ತು ವರ್ಷದ ಹಿಂದೆ ಇನ್ನೊಂದೂ ನೋಡಿದ್ದೀನಿ. ಎರಡೂ ಬರ್ಕೊಳ್ಳಿ."

ಪೇದೆ ಇಬ್ಬರನ್ನೂ ನೋಡಿದ, ಅವಳ ತೊಡೆಯ ಮೇಲಿದ್ದ ಮೂರು ಉಗುರಿನ ಗುರುತನ್ನು ನೋಡಿದ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ.

"ಬರ್ಕೊಳ್ಳಿ," ಅಂದಳು ಅಕ್ಕ.